ಗೌರವ್ವನ ‘ಬ್ಯಾಡ’

ಗೌರವ್ವನ ಕೈಬಳೆ ಹಸಿರಾದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಸರಕಾರದವರು ಬಂದು ತೊಡಿಸಿ ಹೋದ ದಿನವೇ ಅದು ಬೂದಿ ಬಣ್ಣಕ್ಕೆ ತಿರುಗಿತ್ತು, ಹಾಗೇ ಉಳಿದುಬಿಟ್ಟಿತ್ತು. ಕೆಟ್ಟಿರಬಹುದೆಂದು ಸೊಸೆ ನೀಲಾಂಬಿಕಾ ಎರಡು ಸಲ ಬದಲಾಯಿಸಿ ತಂದಳು. ಬಳೆ ಕೆಟ್ಟಿರಲಿಲ್ಲ. ಅತ್ತೆಗೆ ದಣಿವಾಗಿತ್ತು, ಅಷ್ಟೇ.

ಆ ಬಳೆಯ ಹೆಸರು ಸಾಕ್ಷಿ. ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ಹಿಂದೆ ಜನ ಫೋನಿನಲ್ಲಿ, ಟೀವಿಯಲ್ಲಿ, ಕೊನೆಕೊನೆಗೆ ಮಿಕ್ಸರಿನಲ್ಲೂ ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಕಣ್ಣುಮುಚ್ಚಿ ಒತ್ತುತ್ತಿದ್ದರು. ಏನನ್ನು ಒಪ್ಪಿದೆವು ಎಂದು ಒತ್ತಿದವರಿಗೇ ಗೊತ್ತಿರುತ್ತಿರಲಿಲ್ಲ. ಹಾಗೆ ಒಪ್ಪಿ ಒಪ್ಪಿ ಜನರ ದನಿ, ಮುಖ, ಮಕ್ಕಳ ಫೋಟೊ ಎಲ್ಲ ಕಂಡಕಂಡವರ ಪಾಲಾದ ಮೇಲೆ ದೊಡ್ಡ ಗಲಾಟೆಯಾಗಿ ಹೊಸ ಕಾಯ್ದೆ ಬಂತು. ದಣಿದವರ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಅದು ಸಾರಿತು. ದಣಿವನ್ನು ಅಳೆಯಲು ಬಳೆ ಬಂತು. ಅದು ನಾಡಿ ನೋಡುತ್ತದೆ, ಚರ್ಮದ ಬೆವರು ನೋಡುತ್ತದೆ, ಬೆರಳಿನ ಸಣ್ಣ ನಡುಕ ನೋಡುತ್ತದೆ, ನಿದ್ದೆ ಎಷ್ಟಾಗಿದೆ ಎಂದು ಲೆಕ್ಕ ಹಾಕುತ್ತದೆ. ಹಸಿರಿದ್ದರೆ ನಿಮ್ಮ ಮಾತು ನಡೆಯುತ್ತದೆ. ಹಳದಿಯಾದರೆ ಎಚ್ಚರಿಕೆ. ಬೂದಿಯಾದರೆ ನೀವು ಏನು ಹೇಳಿದರೂ ಹೇಳಿದ ಹಾಗಲ್ಲ. ಆ ಕಾಯ್ದೆ ಬರೆದವರೆಲ್ಲ ಚೆನ್ನಾಗಿ ನಿದ್ದೆ ಮಾಡುವವರೇ ಇರಬೇಕು.

ಜನ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ? ಹುಬ್ಬಳ್ಳಿಯ ಬಸ್ ನಿಲ್ದಾಣದ ಹಿಂದೆ ಒಪ್ಪಿಗೆ ಲಾಡ್ಜುಗಳು ತಲೆಯೆತ್ತಿದವು. ಮಧ್ಯಾಹ್ನ ಹೋಗಿ ಮಲಗಿ, ಎದ್ದು, ಬಳೆ ಹಸಿರಿರುವಾಗಲೇ ಕೆಲಸ ಮುಗಿಸಿ ಬರಬೇಕು. ಮದುವೆಗೆ ಮುಂಚೆ ಮದುಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ಮಲಗಿಸುವ ಶಾಸ್ತ್ರವೊಂದು ಹುಟ್ಟಿಕೊಂಡಿತು, ಇಲ್ಲವಾದರೆ ನೋಂದಣಿಯವರು ಆಕೆಯ ‘ಹೂಂ’ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬೆಳೆದ ರೂಢಿಯೆಂದರೆ ಹಸಿರಾಳು. ದಿನವಿಡೀ ಬರುವ ಸಾಫ್ಟ್‌ವೇರ್ ಪ್ರಶ್ನೆಗಳಿಗೆಲ್ಲ ಮನೆಯ ಪರವಾಗಿ ಹೂಂಗುಟ್ಟಲು ಒಬ್ಬರನ್ನು ಕೆಲಸವಿಲ್ಲದೆ, ಉಂಡುಟ್ಟು ಆರಾಮಾಗಿ ಇರುವಂತೆ ನೋಡಿಕೊಳ್ಳುವುದು. ದುಡಿಯುವವರ ಮಾತಿಗೆ ಬೆಲೆ ಹೋಗಿ, ಕೂತವರ ಮಾತೇ ಮನೆಯ ಮಾತಾಯಿತು.

ಈ ಮನೆಯ ಹಸಿರಾಳು ಗೌರವ್ವನ ಕಿರಿಯ ಮಗ ಶಂಭುಲಿಂಗ. ಹಿರಿಯ ಮಗ ಚನ್ನವೀರ ಪುಣೆಗೆ ಬಸ್ಸು ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬಂದು ಬೂದಿ ಬಳೆಯ ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಡುತ್ತಾನೆ. ಅವನ ಹೆಂಡತಿ ನೀಲಾಂಬಿಕಾ ನವನಗರದ ಸಾಕ್ಷಿ ಕೇಂದ್ರದಲ್ಲಿ, ಊರಿನ ಬಳೆಗಳನ್ನೆಲ್ಲ ಕಾಯುವ ಕೋಣೆಯಲ್ಲಿ, ಎಂಜಿನಿಯರ್. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹಳದಿ, ಊಟದ ಹೊತ್ತಿಗೆ ಬೂದಿ. ಗೌರವ್ವ ಬೆಳಗಿನ ಜಾವಕ್ಕೇ ಎದ್ದು, ಸಿದ್ದಣ್ಣನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಇನ್ನು ಉಳಿದವನು ಶಂಭು. ಅವನ ಕೈಗೆ ಚಹಾದ ಕಪ್ಪೂ ತಾನಾಗಿಯೇ ಬರಬೇಕು. ಓಣಿಯಲ್ಲಿ ಅವನ ಬಳೆಯಷ್ಟು ಹಸಿರಾದ ಬಳೆ ಇನ್ನೊಂದಿರಲಿಲ್ಲ, ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಗುರುವಾರ ಸಂಜೆ ನೀಲಾ ಕೆಲಸದಿಂದ ಬಂದಾಗ ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಒಂದು ರೊಟ್ಟಿ.

“ಇದನ್ನ ನೋಡ ನೀಲಾ. ಯಾರ ರೊಟ್ಟಿ ಹೇಳ?”

ನೀಲಾ ನೋಡಿದಳು. ಅಂಚಿನುದ್ದಕ್ಕೂ ಸಣ್ಣ ಸಣ್ಣ ತಗ್ಗು. ಗೌರವ್ವನ ಬಲಗೈಯ ಕಿರುಬೆರಳು ಮಡಚುವುದಿಲ್ಲ, ರೊಟ್ಟಿ ತಿರುಗಿಸುವಾಗ ಅದು ಅಂಚಿಗೆ ತಾಗಿ ಗುರುತು ಬೀಳುತ್ತದೆ. ಮದುವೆಯಾಗಿ ಬಂದ ದಿನದಿಂದ ನೀಲಾ ಈ ತಗ್ಗಿನ ರೊಟ್ಟಿಯನ್ನೇ ಉಂಡವಳು.

“ನಿಮ್ಮದ ಐತಲ್ರಿ ಅತ್ತಿ.”

“ಅಲ್ಲ. ಸಿದ್ದಣ್ಣನ ಖಾನಾವಳ್ಯಾಗ ಹೊಸಾ ಮಷಿನ್ ತಂದಾರ. ನಾ ರೊಟ್ಟಿ ಕೊಡಾಕ ಹೋದಾಗ ಒಳಗ ಬಡಿಯೂ ಸಪ್ಪಳ ಕೇಳ್ತು. ನನ್ನ ಕೈ ಸಪ್ಪಳ, ನಾ ಹೊರಗ ನಿಂತೀನಿ! ಹೋಗಿ ನೋಡಿದ್ರ ಎರಡು ಕಬ್ಬಿಣದ ಕೈ ನನ್ನಂಗ ಬಡಿಯಾಕತ್ತಾವ. ನನ್ನ ಮುರದ ಬಟ್ಟಿನ ಗುರ್ತೂ ಬಿಟ್ಟಿಲ್ಲವ್ವ ಅವು.” ಆಕೆ ರೊಟ್ಟಿಯನ್ನು ತಿರುವಿ ಹಾಕಿದಳು. “ಧಾರವಾಡ, ಗದಗ, ಎಲ್ಲಾ ಕಡೆ ಹೊಂಟಾವಂತ. ಯಾರು ನನ್ನ ಕೇಳಿದ್ರು?”

ಬಾಗಿಲ ಪಕ್ಕದಲ್ಲಿ ಮನೆಯ ಅನುಮತಿಗಳನ್ನೆಲ್ಲ ತೋರಿಸುವ ಪರದೆ ಇತ್ತು. ನೀಲಾ ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ನಿಂತಳು. ಹುಡುಕಲು ಕಷ್ಟವೇನೂ ಆಗಲಿಲ್ಲ. ‘ಕೈಗುಣ’ ಎಂಬ ಕಂಪನಿ. ಬಳೆಯಿಂದಲೇ ಕೈಯ ಚಲನೆಯನ್ನು ಪಡೆದು ಯಂತ್ರಕ್ಕೆ ಕಲಿಸುವ ಅನುಮತಿ. ಯಾರ ಕೈ: ಗೌರವ್ವ. ಒಪ್ಪಿಗೆ ಕೊಟ್ಟವರು: ಶಂಭುಲಿಂಗ.

ಅದರ ಕೆಳಗಿನ ಸಾಲನ್ನು ನೀಲಾ ಎರಡು ಸಲ ಓದಿದಳು. ಕಾಯ್ದೆಯ ಪ್ರಕಾರ ಮೂಲ ಮಾಲೀಕರನ್ನು ದಿನಾಲೂ ಒಮ್ಮೆ ಕೇಳಬೇಕು. ಕೈಗುಣ ದಿನಾಲೂ ತಪ್ಪದೆ ಕೇಳಿತ್ತು. ಗೌರವ್ವ ದಿನಾಲೂ ‘ಬ್ಯಾಡ’ ಎಂದಿದ್ದಳು. ಪ್ರತಿ ಸಲವೂ ಪರದೆ ಬರೆದುಕೊಂಡದ್ದು ಒಂದೇ: ಮಾಲೀಕರು ದಣಿದಿದ್ದಾರೆ, ಉತ್ತರ ಬಂದಿಲ್ಲ.

“ದಿನಾ ಮುಂಜಾನೆ ಹಿಟ್ಟು ನಾದೂ ಹೊತ್ತಿಗೆ ಬಳಿ ವಟವಟ ಅಂತಿತ್ತು,” ಎಂದಳು ಗೌರವ್ವ. “ಏನ ಕೇಳ್ತದೋ ನನಗ ತಿಳೀತಿರಲಿಲ್ಲ. ಬ್ಯಾಡ ಅಂತಿದ್ನಿ. ಬ್ಯಾಡ ಅಂದ ಮ್ಯಾಲೂ ಹೆಂಗ ತಗೊಂಡ್ರು?”

ಒಳಗೆ ಮಂಚದ ಮೇಲೆ ಒರಗಿದ್ದ ಶಂಭು ಎದ್ದು ಬಂದ. ಪರದೆ ನೋಡಿದ, ತಲೆ ಕೆರೆದುಕೊಂಡ.

“ವೈನಿ, ನನಗ ನೆನಪಿಲ್ಲ ನೋಡ್ರಿ. ದಿನಾ ಒಂದು ರಾಶಿ ಬರ್ತಾವ. ಎಲ್ಲಾ ಓದಕೋತ ಕುಂತ್ರ ನಾನೂ ಬೂದಿ ಆಗ್ತೀನಿ.”

ಅವನು ಹೇಳಿದ್ದು ಸುಳ್ಳಲ್ಲ. ಬಳೆಗೆ ಬೇಕಾದದ್ದು ದಣಿಯದ ಮೈ. ತಲೆ ಎಲ್ಲಿದೆ ಎಂದು ಅದು ಯಾರನ್ನೂ ಕೇಳುತ್ತಿರಲಿಲ್ಲ. ಶಂಭು ಆಗಲೇ ಪರದೆಯ ಮೇಲೆ ‘ಹಿಂದಕ್ಕೆ ಪಡೆ’ ಎಂಬುದನ್ನು ಒತ್ತಿದ. ಪರದೆ ಒಪ್ಪಲಿಲ್ಲ. ಹಸಿರಾಳು ಹೂಂ ಎನ್ನಬಹುದು, ಹೂಂ ಅಂದದ್ದನ್ನು ಹಿಂದಕ್ಕೆ ಪಡೆಯುವುದು ಮಾಲೀಕರಿಂದ ಮಾತ್ರ ಸಾಧ್ಯ. ಅದರಡಿ ಇನ್ನೊಂದು ಸೂಚನೆಯಿತ್ತು. ಮಾಲೀಕರ ತಕರಾರಿಲ್ಲದೆ ವರ್ಷ ತುಂಬಿದ ಅನುಮತಿ ಕಾಯಂ ಆಗುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ. ಸೋಮವಾರ ಸಂಜೆಗೆ ವರ್ಷ ತುಂಬುತ್ತಿತ್ತು.

“ಅತ್ತಿ, ಕೊಡೂದು ನಿಮಗ ಇಷ್ಟ ಇಲ್ಲೇನ್ರಿ?” ನೀಲಾ ಮೆಲ್ಲಗೆ ಕೇಳಿದಳು.

“ಕೇಳಿದ್ರ ಕೊಡ್ತಿದ್ನೇನೋ,” ಎಂದಳು ಗೌರವ್ವ. “ನಮ್ಮತ್ತಿ ನನಗ ಕಲಿಸಿದ್ಲು. ಕಲೀತೀನಿ ಅಂದೋರಿಗೆ ನಾನೂ ಕಲಿಸೀನಿ. ಆದ್ರ ಕೇಳಬೇಕಲ್ಲವ್ವ.”

ಮರುದಿನ ಸಾಕ್ಷಿ ಕೇಂದ್ರದಲ್ಲಿ ನೀಲಾ ಮೇಲಧಿಕಾರಿ ಇನಾಮದಾರರ ಮೇಜಿನ ಮುಂದೆ ನಿಂತಳು. ಅವರ ಹಿಂದಿನ ಗೋಡೆಯ ತುಂಬ ಊರಿನ ನಕಾಶೆ. ಒಂದೊಂದು ಮನೆಗೂ ಒಂದೊಂದು ಚುಕ್ಕೆ, ಆ ಮನೆಯ ಅತಿ ಹಸಿರಾದ ಬಳೆಯ ಬಣ್ಣದಲ್ಲಿ. ಹಸಿರಾಳುಗಳಿದ್ದ ಮನೆಗಳನ್ನು ಬಿಟ್ಟರೆ ಆ ಹೊತ್ತಿಗೆ ಇಡೀ ಊರಿನಲ್ಲಿ ಒಳ್ಳೆಯ ಹಸಿರು ಕಾಣುತ್ತಿದ್ದದ್ದು ಜೈಲಿನ ಮೇಲೆ ಮತ್ತು ಎರಡು ಇಸ್ಪೀಟು ಕ್ಲಬ್ಬುಗಳ ಮೇಲೆ.

“ಸರ್, ದಣದೋರ ಹೂಂ ನಡಿಯಂಗಿಲ್ಲ, ಸರಿ. ದಣದೋರ ಬ್ಯಾಡ ಯಾಕ ನಡಿಯಂಗಿಲ್ರಿ?”

ಇನಾಮದಾರರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಹೊಸಾ ಪ್ರಶ್ನಿ ಏನಲ್ಲ ನೀಲಾಂಬಿಕಾ ಅವ್ರ. ಕಾಯ್ದೆ ಬರ್ಯೂ ಮುಂದ ಯಾರಿಗೂ ಹೊಳೀಲಿಲ್ಲ. ದಣದೋರ ಉತ್ತರ ಲೆಕ್ಕಕ್ಕಿಲ್ಲ ಅಂತ ಒಂದ ಸಾಲು ಬರದ್ರು, ಹೂಂ ಜೋಡಿ ಬ್ಯಾಡನೂ ಹೋತು. ತಿದ್ದುಪಡಿ ತಯಾರೈತಿ. ಆದ್ರ ಸಮಿತಿಯವರೆಲ್ಲಾ ಒಮ್ಮಿಗೇ ಹಸರಿದ್ದಾಗ ಅದಕ್ಕ ಒಪ್ಪಿಗಿ ಕೊಡಬೇಕು. ಅವ್ರೆಲ್ಲಾ ಒಮ್ಮಿಗೇ ಹಸರಾಗಿದ್ದು ನಾ ಅಂತೂ ನೋಡಿಲ್ಲ.”

“ಮತ್ತ ನಮ್ಮತ್ತಿ?”

“ಮನಿಗೆ ಹೋಗಿ ಮಲಗಸ್ರಿ. ಒಂದ ಸಲ ಹಸರಾಗಿ ಬ್ಯಾಡ ಅಂದ್ರ ಸಾಕು, ಅವ್ರ ಕೈಯಿಂದ ತಗೊಂಡಿದ್ದೆಲ್ಲಾ ಎಲ್ಲಾ ಮಷಿನ್ನಿನಿಂದ ಅಳಿಸಿ ಹೋಗ್ತೈತಿ. ಅಷ್ಟ ಕಾಯ್ದೆ ನಮ್ಮ ಕಡೆ ಐತಿ.” ಅವರ ಬಳೆಯೂ ಬೂದಿಯಾಗಿತ್ತು. ಅವರು ಹೇಳಿದ ಆ ಮಾತಿಗೆ ಕಾನೂನಿನ ಬೆಲೆ ಎಷ್ಟೋ ಎಂದು ನೀಲಾಳಿಗೆ ಅನಿಸಿತು.

ಮಲಗಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ನೀಲಾ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದಳು, ಒಳಕೋಣೆಯಲ್ಲಿ ಹಾಸಿಗೆ ಹಾಸಿದಳು, ಕಿಟಕಿಗೆ ಕೌದಿ ಕಟ್ಟಿದಳು. ಗೌರವ್ವ ಹೇಳಿದಂತೆ ಹೋಗಿ ಮಲಗಿದಳು. ಕಣ್ಣು ಮುಚ್ಚಿದ್ದೇ ತಡ ಬಳೆ ಮಾತಾಡಿತು. ಫ್ರಿಜ್ಜು ಹಾಲಿನ ವಿಷಯ ಅಂಗಡಿಗೆ ತಿಳಿಸಬಹುದೇ? ಬ್ಯಾಡ. ಗ್ಯಾಸಿನ ಒಲೆ ಹೊಸ ಆವೃತ್ತಿ ಹಾಕಿಕೊಳ್ಳಬಹುದೇ? ಬ್ಯಾಡ. ನೆರೆಮನೆಯ ಕ್ಯಾಮೆರಾ ನಿಮ್ಮ ಬಾಗಿಲನ್ನು ನೋಡಬಹುದೇ? ಬ್ಯಾಡವೋ ಮಾರಾಯಾ, ಬ್ಯಾಡ. ಯಾವ ಪ್ರಶ್ನೆಯಾದರೂ ಮೊದಲು ಮನೆಯ ಹಿರಿಯಳ ಬಳೆಗೇ ಹೋಗುತ್ತಿತ್ತು. ಅಲ್ಲಿ ಉತ್ತರ ದಾಖಲಾಗದೆ ಹೊರಳಿ ಶಂಭುವಿನ ಹತ್ತಿರ ಬರುತ್ತಿತ್ತು. ಈಚೆ ಕೋಣೆಯಲ್ಲಿ ಅವನು ಟೀವಿ ನೋಡುತ್ತ ಒಂದೊಂದಕ್ಕೂ ಹೂಂ ಒತ್ತುತ್ತಿದ್ದ. ಹೂಂ ಅಂದ ಪ್ರತಿ ತಂತ್ರಾಂಶವೂ ಇನ್ನೆರಡು ಪ್ರಶ್ನೆ ಹಡೆಯುತ್ತಿತ್ತು.

ಸಂಜೆ ಗೌರವ್ವ ಎದ್ದು ಬಂದಳು. “ರೊಟ್ಟಿ ಬಡದ್ರ ಇಷ್ಟ ಸಾಕಾಗತಿದ್ದಿಲ್ಲವ್ವ,” ಎಂದಳು. ಬಳೆ ಮೊದಲಿಗಿಂತ ಇನ್ನಷ್ಟು ಕಂದಿತ್ತು. ಬಳೆ ತೆಗೆದಿಟ್ಟು ಮಲಗಿಸೋಣವೆಂದರೆ, ಮಲಗಿದ್ದನ್ನು ಬಳೆ ನೋಡದಿದ್ದರೆ ಮಲಗಿದ ಹಾಗೇ ಅಲ್ಲ.

ಶನಿವಾರ ಬೆಳಿಗ್ಗೆ ಕೇಂದ್ರದಲ್ಲಿ ನಕಾಶೆಯ ಮುಂದೆ ಕೂತ ನೀಲಾ ಆಕಳಿಸುತ್ತಲೇ ಇದ್ದಳು. ವಿದ್ಯಾನಗರದ ಕಡೆ ಒಂದು ಚುಕ್ಕೆ ಬೂದಿಯೂ ಆಗಿರದೆ ಪೂರ್ತಿ ಕಪ್ಪಾಗಿತ್ತು. ಯಂತ್ರ ಕೈಕೊಟ್ಟಿತೇ ಎಂದು ತೆರೆದು ನೋಡಿದಳು. ಕೆಟ್ಟಿರಲಿಲ್ಲ. ಅದು ಮದುವೆ ಮನೆ. ಹಿಂದಿನ ದಿನ ಮದುವೆ ಮುಗಿದಿತ್ತು, ಹಸಿರಾಳೂ ಸೇರಿ ಮನೆಯವರೆಲ್ಲ ಕುಣಿದು, ಬಡಿಸಿ, ಪಾತ್ರೆ ತೊಳೆದು ಬೂದಿಯಾಗಿದ್ದರು. ಇಂಥ ಮನೆಗೆ ಕೇಂದ್ರದಲ್ಲಿ ಮೌನ ಮನೆ ಎನ್ನುತ್ತಿದ್ದರು. ಉತ್ತರಿಸಬಲ್ಲವರು ಒಬ್ಬರೂ ಇಲ್ಲವೆಂದಾದರೆ ತಂತ್ರಾಂಶಗಳು ಕೇಳುವುದನ್ನೇ ನಿಲ್ಲಿಸುತ್ತವೆ. ಹಸಿರಾಳು ಕೊಟ್ಟ ಹೂಂಗಳೆಲ್ಲ, ಅವನು ಮತ್ತೆ ಹಸಿರಾಗುವವರೆಗೆ ತಡೆಯಲ್ಲಿ ನಿಲ್ಲುತ್ತವೆ. ನೀಲಾ ಆ ಮನೆಯ ಬಳೆಗಳನ್ನು ನೋಡಿದಳು. ಒಬ್ಬೊಬ್ಬರೂ ಗಾಢ ನಿದ್ದೆಯಲ್ಲಿದ್ದರು. ಯಾವುದೋ ಒಂದು ಬಳೆ ಆಗಲೇ ಹಳದಿಗೆ ತಿರುಗುತ್ತಿತ್ತು.

ಇಷ್ಟು ದಿನ ಇಂಥ ಎಷ್ಟೋ ಕಪ್ಪು ಚುಕ್ಕೆಗಳನ್ನು ಆಕೆ ನೋಡಿದ್ದಳು. ತನ್ನ ಮನೆಯೂ ಹಾಗಾಗಬಹುದೆಂದು ಹೊಳೆದಿರಲಿಲ್ಲ. ದಣಿದ ತಲೆಗೆ ಹೊಳೆಯುವುದು ನಿಧಾನ.

ಮಧ್ಯಾಹ್ನ ಮನೆಗೆ ಬಂದವಳೇ ಶಂಭುವನ್ನು ಹಿತ್ತಿಲಿಗೆ ಕರೆದಳು.

“ಶಂಭು, ನಿನ್ನ ಬಳಿ ಬೂದಿ ಆಗಬೇಕು.”

“ಏನಂದ್ರಿ ವೈನಿ?”

“ಸಿದ್ದಣ್ಣನ ರೊಟ್ಟಿ ನೀ ಬಡಿ. ನೀರು ನೀ ತುಂಬು, ಕಸ ನೀ ಹೊಡಿ, ಅರಿವಿ ನೀ ಒಗಿ. ನೀ ದಣದ್ರ ಮನಿ ಸುಮ್ಮನಾಗ್ತೈತಿ. ಮನಿ ಸುಮ್ಮನಾದ್ರ ಅತ್ತಿ ಮಲಗ್ತಾರ. ಬ್ಯಾರೆ ದಾರಿ ನನಗ ಕಾಣವಲ್ದು.”

ಶಂಭು ತನ್ನ ಬಳೆಯನ್ನು ನೋಡಿಕೊಂಡ. ಅದು ಎಳೆ ಹುಲ್ಲಿನ ಹಾಗೆ ಹೊಳೆಯುತ್ತಿತ್ತು.

“ಇದೊಂದ ನೋಡ್ರಿ ವೈನಿ ನನ್ನ ಹತ್ರ ಇರೂದು. ನೌಕರಿ ಹತ್ತಲಿಲ್ಲ, ಮದುವಿ ಆಗಲಿಲ್ಲ. ಓಣ್ಯಾಗ ಮಂದಿ ನನ್ನ ಮಾತಾಡಸೂದು ಈ ಹಸರಿಗೆ. ಇದು ಹೋದ್ರ ನಾ ಏನು?”

“ದಣದಂವ. ನಮ್ಮಂಗ.”

ನೀಲಾಳಿಗೆ ಮೊದಲ ಸಲ ಅವನ ಮೇಲೆ ಕನಿಕರವಾಯಿತು. ಕೆಲಸ ಮಾಡಬೇಡ ಎಂದು ಮನೆಯವರೆಲ್ಲ ಸೇರಿ ಕೂರಿಸಿದ ಮನುಷ್ಯ ಇವನು. ತಾನಾಗಿ ಬೇಡಿ ಕೂತವನಲ್ಲ.

“ಅತ್ತಿ ಬಟ್ಟು ಹೆಂಗ ಮುರೀತು ಅಂತ ನಿನಗ ಗೊತ್ತದಲ್ಲ,” ಎಂದಳು ಕೊನೆಗೆ.

ಗೊತ್ತಿತ್ತು. ಸಣ್ಣವನಿದ್ದಾಗ ಸಿಟ್ಟಿನಿಂದ ಬಾಗಿಲು ಬಡಿದು ಹಾಕಿದವನು ಅವನೇ, ಸಂದಿಯಲ್ಲಿ ಸಿಕ್ಕದ್ದು ಅವ್ವನ ಬೆರಳು. ಆ ತಗ್ಗು ಈಗ ಗದಗಿನವರೆಗೂ ಹೋಗಿತ್ತು. ಶಂಭು ಅಂಗಿಯ ತೋಳು ಮೇಲೇರಿಸಿದ.

ಗೌರವ್ವ ಗೋಳಾಡಿದಳು. ತನ್ನ ಕೂಸಿಗೆ ಒಲೆಯ ಮುಂದೆ ಕೂತು ರೂಢಿಯಿಲ್ಲ, ಕೈ ಸುಟ್ಟುಕೊಳ್ಳುತ್ತಾನೆ ಎಂದು ಬಾಗಿಲಲ್ಲೇ ನಿಂತಳು. ಕೂಸಿಗೆ ಆಗಲೇ ತಲೆ ನರೆಯತೊಡಗಿತ್ತು. ಅವನು ಕೈಯನ್ನು ಸುಟ್ಟುಕೊಂಡದ್ದೂ ನಿಜ. ಕುದಿಯುವ ಎಸರಿಗೆ ಹಿಟ್ಟು ಸುರುವಿ ಗಂಟು ಮಾಡಿದ, ನಾದುವಾಗ ಸೊಂಟ ಹಿಡಿದುಕೊಂಡ, ಬಡಿದ ಮೊದಲ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿಯಿತು. ಅವ್ವ ತಡೆಯಲಾರದೆ ಒಳಗೆ ಬಂದು, “ಅಂಗೈಲೆ ಒತ್ತಬ್ಯಾಡೋ, ಬಟ್ಟಿಲೆ ಬಡದು ತಿರಗಸು,” ಎಂದಳು. ಸಿದ್ದಣ್ಣನ ಖಾನಾವಳಿಗೆ ಅವತ್ತು ರಾತ್ರಿಯ ಊಟಕ್ಕೆ ಹೋದ ರೊಟ್ಟಿಗಳನ್ನು ನೋಡಿ ಅಲ್ಲಿಯವರು ಏನೂ ಅನ್ನಲಿಲ್ಲ, ಯಂತ್ರದ ರೊಟ್ಟಿ ಇತ್ತಲ್ಲ.

ಶನಿವಾರ ಸಂಜೆಗೆ ಶಂಭುವಿನ ಬಳೆ ಹಳದಿಯಾಯಿತು. ಭಾನುವಾರ ಅವನು ಜಾವಕ್ಕೇ ಎದ್ದ, ಮತ್ತೆ ರೊಟ್ಟಿ ಬಡಿದ, ನೀರಿನ ಕೊಡ ಹೊತ್ತ, ಇಡೀ ವಾರದ ಅರಿವೆ ಒಗೆದ. ಇಳಿಹೊತ್ತಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ನೊರೆಯ ನಡುವೆ ಬಳೆ ಬೂದಿಯಾದದ್ದನ್ನು ಅವನೇ ನೋಡಿ, “ವೈನೀ,” ಎಂದು ಕೂಗಿದ. ಅವನ ದನಿಯಲ್ಲಿ ಬೇಸರವಿತ್ತೋ ಹೆಮ್ಮೆಯಿತ್ತೋ ತಿಳಿಯಲಿಲ್ಲ.

ಆಮೇಲೆ ಮನೆ ಒಂದೊಂದಾಗಿ ಬಾಯಿ ಮುಚ್ಚಿತು. ಟೀವಿ ನಡುವೆಯೇ ಆರಿತು. ಫ್ರಿಜ್ಜು ತಣ್ಣಗಿಡುವುದನ್ನು ಬಿಟ್ಟು ಬೇರೆಲ್ಲ ಉಸಾಬರಿ ನಿಲ್ಲಿಸಿತು. ಬಾಗಿಲ ಪಕ್ಕದ ಪರದೆ ‘ಉತ್ತರಿಸುವವರಿಲ್ಲ’ ಎಂದು ತೋರಿಸಿ ಕಪ್ಪಾಯಿತು. ಇಷ್ಟು ವರ್ಷ ಈ ಮನೆ ಹೀಗೆ ಗದ್ದಲ ಮಾಡುತ್ತಿತ್ತೆಂಬುದು ಅದು ನಿಂತ ಮೇಲೆಯೇ ಅವರಿಗೆ ಗೊತ್ತಾದದ್ದು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುವ ಸದ್ದು ಕೇಳಿಸುತ್ತಿತ್ತು. ಶಂಭು ಅಡುಗೆಮನೆಯ ನೆಲದ ಮೇಲೆಯೇ ಅಡ್ಡಾದ. ಅವನಿಗೆ ಒಂದು ದಿಂಬು ಕೊಡಲು ಬಂದ ಗೌರವ್ವ ಅಲ್ಲೇ ಗೋಡೆಗೆ ಒರಗಿ ಕೂತಳು. ಕೂತಲ್ಲೇ ಆಕೆಗೆ ಜೊಂಪು ಹತ್ತಿತು. ನೀಲಾ ಮೆಲ್ಲಗೆ ಎಬ್ಬಿಸಿ ಒಳಕೋಣೆಗೆ ಕರೆದೊಯ್ದು ಮಲಗಿಸಿ ಕೌದಿ ಹೊದಿಸಿದಳು. ತನ್ನ ಬೂದಿ ಬಳೆ ಹಳದಿಗೆ ತಿರುಗಿದರೆ ಮನೆ ಮತ್ತೆ ಬಾಯಿ ತೆರೆದೀತೆಂದು ತಾನು ಮಾತ್ರ ರಾತ್ರಿಯಿಡೀ ಎಚ್ಚರವಿದ್ದಳು.

ಸೋಮವಾರ ಹೊತ್ತು ಏರಿದ ಮೇಲೂ ಗೌರವ್ವ ಏಳಲಿಲ್ಲ. ನೀಲಾಳಿಗೆ ಮೊದಲು ಭಯವಾಯಿತು. ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು, ಬಿಸಿ ಉಸಿರು ತಾಗಿತು. ಕೌದಿಯ ಆಚೆ ಬಿದ್ದಿದ್ದ ಕೈಯಲ್ಲಿ ಬಳೆ ಹಸಿರಾಗಿತ್ತು.

ಆಕೆಯನ್ನು ಎಬ್ಬಿಸಲು ನೀಲಾಳಿಗೆ ಮನಸ್ಸು ಬರಲಿಲ್ಲ, ಪಕ್ಕದಲ್ಲಿ ಕೂತು ಕಾದಳು. ಗೌರವ್ವ ತಾನಾಗಿಯೇ ಕಣ್ಣು ಬಿಟ್ಟು, ಕಿಟಕಿಯ ಬಿಸಿಲು ನೋಡಿ, “ಅಯ್ಯ, ರೊಟ್ಟಿ!” ಎಂದು ಎದ್ದು ಕೂತಳು. ಅಷ್ಟರಲ್ಲಿ ಮನೆಯಲ್ಲಿ ಒಬ್ಬ ಉತ್ತರಿಸುವವಳು ಸಿಕ್ಕಳೆಂದು ಬಳೆಗೂ ಗೊತ್ತಾಗಿತ್ತು. ಅದು ಗಂಟಲು ಸರಿಮಾಡಿಕೊಂಡು ಶುರು ಮಾಡಿತು. ಹಳೆಯದು ಮೊದಲು ಎಂಬುದು ಅದರ ನಿಯಮ, ಮೊದಲ ಪ್ರಶ್ನೆ ಕೈಗುಣದ್ದೇ.

“ಅತ್ತಿ, ಇದ ನೋಡ್ರಿ ಅದು. ಪೂರ್ತಿ ಕೇಳಸಕೋರಿ.”

ಗೌರವ್ವ ಬಳೆಯ ಕೈಯನ್ನು ಕಿವಿಯ ಹತ್ತಿರ ಹಿಡಿದು ಪೂರ್ತಿ ಕೇಳಿಸಿಕೊಂಡಳು. ನಿಮ್ಮ ಕೈಯ ಚಲನೆಯನ್ನು ಪಡೆದು, ಬೇಕಾದ ಕಡೆ ಬಳಸಿಕೊಳ್ಳಬಹುದೇ?

“ಬ್ಯಾಡ.”

“ದಾಖಲಾಯಿತು,” ಎಂದಿತು ಬಳೆ. “ಈವರೆಗೆ ಪಡೆದದ್ದನ್ನೆಲ್ಲ ಅಳಿಸಲಾಗುತ್ತಿದೆ.”

ಗೌರವ್ವ ಬೆಚ್ಚಿದಳು. ಇಷ್ಟು ವರ್ಷದಲ್ಲಿ ಆ ಬಳೆ ಆಕೆಯ ಮಾತಿಗೆ ಹಾಗೆ ಮರುಮಾತು ಕೊಟ್ಟಿರಲಿಲ್ಲ. ಸೊಸೆಯ ಮುಖ ನೋಡಿದಳು, ಬಳೆ ನೋಡಿದಳು, ಕಣ್ಣು ತುಂಬಿ ಬಂತು. “ಕೇಳಿಸ್ತೇನ ಅದಕ್ಕ? ನಾ ಅಂದಿದ್ದು ಕೇಳಿಸ್ತೇನ?” ಎಂದು ಮತ್ತೆ ಮತ್ತೆ ಕೇಳಿದಳು. ನೀಲಾಳಿಗೂ ಅಳು ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಸಿದ್ದಣ್ಣ ಫೋನು ಮಾಡಿ ಗಾಬರಿಯಿಂದ ಹೇಳಿದ: ಯಂತ್ರ ಹಿಟ್ಟಿನ ಮುಂದೆ ಎರಡೂ ಕೈ ಎತ್ತಿ ನಿಂತುಬಿಟ್ಟಿದೆ, ಏನು ಮಾಡಬೇಕೆಂದೇ ಅದಕ್ಕೆ ತಿಳಿಯುತ್ತಿಲ್ಲ, ಮಂದಿ ಊಟಕ್ಕೆ ಬರುವ ಹೊತ್ತಾಯಿತು. “ಕಲೀಬೇಕಂದ್ರ ಮನಿಗೆ ಬಂದು ಕೇಳಾಕ ಹೇಳಪಾ,” ಎಂದಳು ಗೌರವ್ವ.

ಪ್ರಶ್ನೆಗಳು ಬರುತ್ತಲೇ ಇದ್ದವು. ಆಕೆ ಕೂತಲ್ಲಿಂದ ಕದಲದೆ ಒಂದೊಂದನ್ನೂ ಪೂರ್ತಿ ಕೇಳಿಸಿಕೊಂಡು, ತಿಳಿಯದ್ದನ್ನು ನೀಲಾಳಿಂದ ಬಿಡಿಸಿಕೊಂಡು, ಕೆಲವಕ್ಕೆ ಹೂಂ, ಬಹಳಷ್ಟಕ್ಕೆ ಬ್ಯಾಡ ಎಂದಳು. ಹಸಿರು ಮೆಲ್ಲಗೆ ಹಳದಿಯತ್ತ ಸರಿಯುತ್ತಿತ್ತು. ಕೊನೆಗೆ ಉಳಿದದ್ದು ಒಂದು. ಶಂಭುಲಿಂಗ ದಣಿದು ಒಂದು ದಿನ ಕಳೆಯುತ್ತ ಬಂದಿದೆ, ಅವರನ್ನೇ ಮನೆಯ ಪರವಾಗಿ ಉತ್ತರಿಸುವವರನ್ನಾಗಿ ಮುಂದುವರಿಸಬಹುದೇ?

ಗೌರವ್ವ ಅಡುಗೆಮನೆಯ ಕಡೆ ನೋಡಿದಳು. ಮೈಕೈ ನೋವಿಗೆ ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳಾಡಿದ್ದ ಶಂಭು ಎದ್ದು ಬಾಗಿಲಲ್ಲಿ ನಿಂತಿದ್ದ. ಕೂದಲಲ್ಲಿ ಹಿಟ್ಟು, ಬೆರಳಿಗೆ ಸುಟ್ಟ ಬೊಬ್ಬೆ.

“ನೀ ಏನಂತೀಯೋ?” ಎಂದು ಕೇಳಿದಳು.

“ನನ್ನ ಮಾತು ಈಗ ಲೆಕ್ಕಕ್ಕಿಲ್ಲವ್ವ,” ಎಂದು ನಕ್ಕು ಬೂದಿ ಬಳೆಯ ಕೈ ಎತ್ತಿ ತೋರಿಸಿದ.

“ನನಗ ಲೆಕ್ಕಕ್ಕೈತಿ. ಹೇಳ.”

ಶಂಭು ಬೆರಳಿನ ಬೊಬ್ಬೆ ನೋಡಿಕೊಂಡ. “ಬ್ಯಾಡ,” ಎಂದ.

“ಬ್ಯಾಡ,” ಎಂದು ಗೌರವ್ವ ಬಳೆಗೆ ಹೇಳಿದಳು. ಅದು ದಾಖಲಾಯಿತು ಎನ್ನುವಷ್ಟರಲ್ಲಿ ಹಳದಿಯೂ ಮಾಸತೊಡಗಿತ್ತು. ಆಕೆ ಹಾಸಿಗೆಯಿಂದ ಎದ್ದು ಸೆರಗು ಸಿಕ್ಕಿಸಿಕೊಂಡಳು. ಕೆಲಸಕ್ಕೆ ಹೊರಡಲೆಂದು ಚೀಲ ಹುಡುಕುತ್ತಿದ್ದ ನೀಲಾಳ ರಟ್ಟೆ ಹಿಡಿದು, ತಾನು ಎದ್ದ ಜಾಗದಲ್ಲಿ ಕೂರಿಸಿದಳು.

“ಮಲಕೊ ನೀ. ಮುಖ ನೋಡ ಹೆಂಗಾಗೇತಿ. ಶಂಭೂ, ಚಾ ಇಡಪಾ ಎಲ್ಲಾರಿಗೂ.”

ಹೊರಡಬೇಕು, ರಜೆ ಉಳಿದಿಲ್ಲ, ಇನಾಮದಾರರು ಕಾಯುತ್ತಿರುತ್ತಾರೆ ಎಂದು ನೀಲಾ ಹೇಳಬೇಕೆಂದಿದ್ದಳು. ಹಾಸಿಗೆ ಇನ್ನೂ ಬೆಚ್ಚಗಿತ್ತು. ಅಡುಗೆಮನೆಯಲ್ಲಿ ಶಂಭು ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೇಳುತ್ತಿದ್ದ, ಗೌರವ್ವ ಬೈಯುತ್ತ ತೋರಿಸುತ್ತಿದ್ದಳು. ಚಹಾ ಬರುವ ಮೊದಲೇ ನೀಲಾಳಿಗೆ ನಿದ್ದೆ ಹತ್ತಿತ್ತು.